ಜೀವಂತ ಅಂಗಾಂಶದೊಳಗೆ ಕಾವಲು ಕೋಶಗಳು: ಅವುಗಳ ನಡೆಯನ್ನು ನೋಡುವುದು ಹೇಗೆ?

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ಒಂದೆರಡು ದಿನದಲ್ಲಿ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದೆ. ಗಾಯ ಪಾದದಲ್ಲಿ, ನೋವು ತೊಡೆಯ ಬುಡದಲ್ಲಿ. ಅಲ್ಲಿ ಊದಿಕೊಂಡಿರುವುದು ದುಗ್ಧಗ್ರಂಥಿ. ಗಾಯದ ಜಾಗದಲ್ಲಿ ರೋಗಾಣುವಿನ ಚೂರುಗಳನ್ನು ನುಂಗಿದ ಡೆಂಡ್ರೈಟಿಕ್ ಕೋಶಗಳು ದುಗ್ಧನಾಳದ ಮೂಲಕ ಈ ಗ್ರಂಥಿಗೆ ಬಂದು, ತಾವು ತಂದ ಚೂರನ್ನು ಮೈಮೇಲೆ ತೋರಿಸುತ್ತಾ ನಿಲ್ಲುತ್ತವೆ. ಗ್ರಂಥಿಯಲ್ಲಿ ಟಿ ಕೋಶಗಳು ಕಿಕ್ಕಿರಿದಿವೆ. ಆದರೆ ಆ ನಿರ್ದಿಷ್ಟ ಚೂರನ್ನು ಗುರುತಿಸಬಲ್ಲವು ಲಕ್ಷಕ್ಕೊಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೊಂದು ಮಾತ್ರ. ಆ ಕೋಶ ಹುಡುಕಿಕೊಂಡು ಬಂದು ಮುಟ್ಟಿದರಷ್ಟೇ ಅದು ಸಾವಿರಾರು ಪಟ್ಟು ಹೆಚ್ಚಿ ರೋಗಾಣುವಿನ ಮೇಲೆ ಹೊರಡುತ್ತದೆ.

ಈ ಭೇಟಿ ಹೇಗೆ ನಡೆಯುತ್ತದೆ? ಎಷ್ಟು ಹೊತ್ತು? ಯಾರು ಯಾರ ಬಳಿಗೆ ಬರುತ್ತಾರೆ? ಇಪ್ಪತ್ತನೇ ಶತಮಾನ ಮುಗಿಯುವವರೆಗೂ ಇದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಗ್ರಂಥಿಯನ್ನು ಹೊರತೆಗೆದು, ರಾಸಾಯನಿಕದಲ್ಲಿ ಗಟ್ಟಿಮಾಡಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡುವುದು ರೂಢಿಯಲ್ಲಿದ್ದ ದಾರಿ. ಅದರಿಂದ ಕಲಿತದ್ದು ಅಪಾರ. ಆದರೂ ಅದು ಸಂತೆಯ ಒಂದೇ ಒಂದು ಫೋಟೊ ಇದ್ದಂತೆ: ಯಾರು ಎಲ್ಲಿ ನಿಂತಿದ್ದರು ಎಂಬುದು ತಿಳಿಯುತ್ತದೆ, ಯಾರು ಯಾರನ್ನು ಹುಡುಕುತ್ತಿದ್ದರು ಎಂಬುದು ತಿಳಿಯುವುದಿಲ್ಲ. ರೋಗನಿರೋಧಕ ಕೋಶಗಳ ಕೆಲಸವೆಲ್ಲ ಓಡಾಟದಲ್ಲಿ, ಮುಟ್ಟುವುದರಲ್ಲಿ, ಬಿಟ್ಟು ಹೊರಡುವುದರಲ್ಲಿ ಇದೆ. ಅದನ್ನು ಅರಿಯಬೇಕಾದರೆ ಜೀವಂತ ಪ್ರಾಣಿಯ ಒಳಗೇ, ಹೊತ್ತು ಸರಿಯುತ್ತಿರುವಾಗಲೇ ನೋಡಬೇಕು. ಇದಕ್ಕಾಗಿ ರೂಪುಗೊಂಡ ವಿದ್ಯೆಯೇ ಜೀವಂತ ಅಂಗಾಂಶದ ಸೂಕ್ಷ್ಮದರ್ಶನ. ಅದರ ಉಪಕರಣ ಎಷ್ಟು ಮುಖ್ಯವೋ, ನೋಡುವ ಕೈ ಎಷ್ಟು ಮೃದುವಾಗಿದೆ ಎಂಬುದೂ ಅಷ್ಟೇ ಮುಖ್ಯ.

ಪಾರದರ್ಶಕ ಜೀವಿಗಳು ತೋರಿಸಿದ್ದು

ಈ ಆಸೆ ಹೊಸದಲ್ಲ. 1867ರಲ್ಲಿ ಜರ್ಮನಿಯ ಯೂಲಿಯಸ್ ಕೋನ್‌ಹೈಮ್ ಜೀವಂತ ಕಪ್ಪೆಯ ತೆಳುವಾದ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಯನ್ನು ದಾಟಿ ಹೊರಬರುವುದನ್ನು ವಿವರಿಸಿದರು. ಗಾಯದ ಕೀವು ರಕ್ತದಿಂದಲೇ ಬಂದ ಕೋಶಗಳಿಂದ ಆಗುತ್ತದೆ ಎಂಬ ಅರಿವಿಗೆ ಆ ನೋಟ ಬುನಾದಿಯಾಯಿತು. 1882ರಲ್ಲಿ ರಷ್ಯದ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾದಲ್ಲಿ, ಗಾಜಿನಷ್ಟು ತಿಳಿಯಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಓಡಾಡುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಕೆಲವು ಕೋಶಗಳು ಹೊರಗಿನಿಂದ ಬಂದದ್ದನ್ನು ನುಂಗಿ ದೇಹವನ್ನು ಕಾಯುತ್ತವೆ ಎಂಬ ಅವರ ವಾದ ಇಲ್ಲಿಂದ ಬೆಳೆಯಿತು. 1908ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಇಬ್ಬರೂ ಆರಿಸಿಕೊಂಡದ್ದು ಬೆಳಕು ಸಲೀಸಾಗಿ ಹಾದುಹೋಗುವ ಅಂಗಾಂಶವನ್ನು. ಇಂದಿಗೂ ಆ ದಾರಿ ಮುಚ್ಚಿಲ್ಲ. ಜೀಬ್ರಾಮೀನಿನ ಮರಿ ಮೊದಲ ಕೆಲವು ದಿನ ಪಾರದರ್ಶಕವಾಗಿರುತ್ತದೆ, ಹಾಗಾಗಿ ರಕ್ತಕಣಗಳ ಓಡಾಟವನ್ನು ಅದರಲ್ಲಿ ನೇರವಾಗಿ ನೋಡಬಹುದು. ಭಾರತದ ತೊರೆಗಳದೇ ಆದ ಈ ಮೀನನ್ನು 1822ರಲ್ಲಿ ಗಂಗೆಯ ಮೀನುಗಳ ಕುರಿತ ಗ್ರಂಥದಲ್ಲಿ ಮೊದಲು ವಿವರಿಸಿದವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ವರದಿ ಬರೆದ ಬುಕಾನನ್ ಇವರೇ.

ಆದರೆ ದುಗ್ಧಗ್ರಂಥಿ, ಯಕೃತ್ತು, ಮಿದುಳು ಇವೆಲ್ಲ ಪಾರದರ್ಶಕವಲ್ಲ. ನಮಗೆ ಹತ್ತಿರದ ಸಸ್ತನಿಗಳಲ್ಲಿ ಈ ಅಂಗಗಳನ್ನು ನೋಡಲು ಬೇರೆಯದೇ ಬೆಳಕು ಬೇಕಾಯಿತು.

ಎರಡು ಫೋಟಾನ್‌ಗಳ ಉಪಾಯ

ಅಂಗೈಯನ್ನು ಟಾರ್ಚಿನ ಮೇಲೆ ಇಟ್ಟರೆ ಬೆರಳು ಕೆಂಪಗೆ ಹೊಳೆಯುತ್ತದೆ, ಮೂಳೆಯ ಗಡಿ ಕಾಣುವುದಿಲ್ಲ. ಬೆಳಕು ಮಾಂಸದೊಳಗೆ ಹೋಗುತ್ತದೆ, ಆದರೆ ಕೋಶದಿಂದ ಕೋಶಕ್ಕೆ ಬಡಿದು ಚೆದರಿ ತನ್ನ ದಿಕ್ಕನ್ನು ಕಳೆದುಕೊಳ್ಳುತ್ತದೆ. ನೀಲಿ ಬೆಳಕು ಹೆಚ್ಚು ಚೆದರುತ್ತದೆ, ಕೆಂಪು ಕಡಿಮೆ, ಕೆಂಪಿನಾಚೆಯ ಇನ್‌ಫ್ರಾರೆಡ್ ಇನ್ನೂ ಕಡಿಮೆ. ಆಳಕ್ಕೆ ಇಳಿಯಲು ಇನ್‌ಫ್ರಾರೆಡ್ ಒಳ್ಳೆಯದು. ತೊಡಕೇನೆಂದರೆ, ಕೋಶಗಳಿಗೆ ಹಾಕುವ ಹೊಳೆಯುವ ಬಣ್ಣಗಳನ್ನು ಬೆಳಗಿಸಲು ನೀಲಿ ಬೆಳಕಿನ ಒಂದು ಕಣದಷ್ಟು, ಅಂದರೆ ಒಂದು ಫೋಟಾನ್‌ನಷ್ಟು, ಶಕ್ತಿ ಬೇಕು. ಇನ್‌ಫ್ರಾರೆಡ್ ಕಣದಲ್ಲಿ ಅದರ ಅರ್ಧ ಮಾತ್ರ ಇರುತ್ತದೆ.

ಹಾಗಾದರೆ ಎರಡು ಅರ್ಧ ಸೇರಿ ಒಂದಾಗಬಹುದೇ? ಒಂದು ಅಣು ಒಂದೇ ಗಳಿಗೆಯಲ್ಲಿ ಎರಡು ಫೋಟಾನ್‌ಗಳನ್ನು ಹೀರಿಕೊಳ್ಳಬಹುದು ಎಂದು ಲೆಕ್ಕ ಹಾಕಿ ತೋರಿಸಿದವರು ಜರ್ಮನಿಯ ಯುವ ಭೌತವಿಜ್ಞಾನಿ ಮರಿಯಾ ಗೋಪರ್ಟ್ ಮೇಯರ್. ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಅವರ ಡಾಕ್ಟರೇಟ್ ಕೆಲಸ 1931ರಲ್ಲಿ ಪ್ರಕಟವಾಯಿತು. ಅದು ನಿಜವೆಂದು ಪ್ರಯೋಗದಿಂದ ತೋರಿಸಲು ಲೇಸರ್ ಹುಟ್ಟಿ, 1961 ಬರುವವರೆಗೆ ಕಾಯಬೇಕಾಯಿತು. 1990ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿನ್‌ಫ್ರೀಡ್ ಡೆಂಕ್, ಜೇಮ್ಸ್ ಸ್ಟ್ರಿಕ್ಲರ್, ವಾಟ್ ವೆಬ್ ಈ ತತ್ವದ ಮೇಲೆ ಸೂಕ್ಷ್ಮದರ್ಶಕವನ್ನೇ ಕಟ್ಟಿದರು.

ಎರಡು ಫೋಟಾನ್‌ಗಳು ಒಂದೇ ಅಣುವಿಗೆ ಒಟ್ಟಿಗೆ ಬಡಿಯುವುದು ತೀರಾ ಅಪರೂಪ. ಅದನ್ನು ಸಾಧ್ಯವಾಗಿಸಲು ಬೆಳಕನ್ನು ಎರಡು ರೀತಿಯಲ್ಲಿ ಒತ್ತಟ್ಟಿಗೆ ತರುತ್ತಾರೆ. ಮೊದಲನೆಯದು ಕಾಲದಲ್ಲಿ. ಲೇಸರ್ ಬೆಳಕನ್ನು ಒಂದೇ ಸಮನೆ ಹರಿಸದೆ ಸೆಕೆಂಡಿಗೆ ಸುಮಾರು 8 ಕೋಟಿ ಮಿಡಿತಗಳಾಗಿ ಬಿಡುತ್ತದೆ. ಒಂದೊಂದು ಮಿಡಿತದ ಅವಧಿ ಸುಮಾರು 100 ಫೆಮ್ಟೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲು. ಎಲ್ಲ ಕೂಡಿಸಿದರೂ ಒಂದು ಸೆಕೆಂಡಿನಲ್ಲಿ ಬೆಳಕು ಉರಿಯುವುದು ಅದರ ಹತ್ತು ಲಕ್ಷದಲ್ಲಿ ಎಂಟು ಪಾಲಿನಷ್ಟು ಹೊತ್ತು ಮಾತ್ರ. ಆ ಮಿಡಿತದ ಕ್ಷಣದಲ್ಲಿ ಬೆಳಕು ಬಹಳ ದಟ್ಟವಾಗಿರುತ್ತದೆ, ಸರಾಸರಿ ಶಕ್ತಿ ಮಾತ್ರ ಅಂಗಾಂಶ ತಾಳಿಕೊಳ್ಳುವಷ್ಟೇ ಇರುತ್ತದೆ. ಎರಡನೆಯದು ಜಾಗದಲ್ಲಿ. ಮಸೂರವು ಆ ಬೆಳಕನ್ನೆಲ್ಲ ಒಂದು ಸಣ್ಣ ಬಿಂದುವಿಗೆ ತಂದು ಕೂಡಿಸುತ್ತದೆ.

ಜೋಡಿ ಫೋಟಾನ್ ಹೀರಿಕೆಯು ಬೆಳಕಿನ ತೀವ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ತೀವ್ರತೆ ಅರ್ಧವಾದರೆ ಹೊಳಪು ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಮಸೂರದ ಬಿಂದುವಿನಲ್ಲಿ ಮಾತ್ರ ಬಣ್ಣ ಹೊತ್ತಿಕೊಳ್ಳುತ್ತದೆ, ಅದರ ಮೇಲೂ ಕೆಳಗೂ ಕತ್ತಲೆಯೇ. ಇದರಿಂದ ದೊಡ್ಡ ಅನುಕೂಲವಿದೆ. ಹೊರಬಂದ ಹೊಳಪು ದಾರಿಯಲ್ಲಿ ಎಷ್ಟೇ ಚೆದರಿದರೂ ಅದು ಹುಟ್ಟಿದ್ದು ಆ ಬಿಂದುವಿನಲ್ಲೇ ಎಂದು ನಮಗೆ ಗೊತ್ತು. ಸಿಕ್ಕ ಬೆಳಕನ್ನೆಲ್ಲ ಒಟ್ಟುಮಾಡಿ ಆ ಒಂದು ಚುಕ್ಕೆಯ ಲೆಕ್ಕಕ್ಕೆ ಬರೆಯಬಹುದು. ಚುಕ್ಕೆಯನ್ನು ಸಾಲುಸಾಲಾಗಿ ಸರಿಸುತ್ತಾ ಹೋದರೆ ಒಂದು ಚಿತ್ರ, ಆಳವನ್ನು ಬದಲಿಸುತ್ತಾ ಹೋದರೆ ಮೂರು ಆಯಾಮದ ಚಿತ್ರ. ದುಗ್ಧಗ್ರಂಥಿಯಲ್ಲಿ ಹೀಗೆ ಸುಮಾರು 200ರಿಂದ 300 ಮೈಕ್ರಾನ್ ಆಳಕ್ಕೆ ಹೋಗಬಹುದು. ಮಿದುಳಿನಲ್ಲಿ ಇನ್ನೂ ಕೆಳಕ್ಕೆ ಇಳಿಯಬಹುದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಒಂದು ಟಿ ಕೋಶದ ಅಡ್ಡಳತೆ ಆರೇಳು ಮೈಕ್ರಾನ್.

ಕೋಶಗಳಿಗೆ ಬಣ್ಣ ಕೊಡುವುದು

ಗ್ರಂಥಿಯ ಕೋಟ್ಯಂತರ ಕೋಶಗಳೆಲ್ಲ ಹೊಳೆದರೆ ಏನೂ ಕಾಣುವುದಿಲ್ಲ. ಕೆಲವೇ ಕೋಶಗಳು ಹೊಳೆಯಬೇಕು, ಅವು ಯಾವುವೆಂದು ನಮಗೆ ಗೊತ್ತಿರಬೇಕು. ಇದಕ್ಕೆ ಮೂರು ದಾರಿಗಳಿವೆ.

ಒಂದು, ಹೊರಗೆ ಬಣ್ಣ ಹಾಕಿ ಒಳಗೆ ಬಿಡುವುದು. ಒಂದು ಇಲಿಯಿಂದ ಟಿ ಕೋಶಗಳನ್ನು ಬೇರ್ಪಡಿಸಿ, ಸಿಎಫ್‌ಎಸ್‌ಇಯಂಥ ಹಸಿರು ಬಣ್ಣ ಹೀರಿಸಿ, ಇನ್ನೊಂದು ಇಲಿಯ ರಕ್ತಕ್ಕೆ ಸೇರಿಸುತ್ತಾರೆ. ಅವು ತಾವಾಗಿಯೇ ದುಗ್ಧಗ್ರಂಥಿಗಳನ್ನು ಹುಡುಕಿಕೊಂಡು ಹೋಗಿ ಸೇರುತ್ತವೆ. ಕೋಶ ಒಮ್ಮೆ ಒಡೆದು ಎರಡಾದರೆ ಬಣ್ಣವೂ ಅರ್ಧವಾಗುತ್ತದೆ, ಆದ್ದರಿಂದ ಹೊಳಪು ನೋಡಿ ಎಷ್ಟು ತಲೆಮಾರು ಕಳೆದಿದೆ ಎಂದೂ ಹೇಳಬಹುದು. ಕೋಳಿಮೊಟ್ಟೆಯ ಬಿಳಿಭಾಗದ ಒಂದು ಪ್ರೋಟೀನನ್ನು ಮಾತ್ರ ಗುರುತಿಸುವ ಟಿ ಕೋಶಗಳಿರುವ ಇಲಿ ತಳಿಗಳಿವೆ. ಅವುಗಳ ಕೋಶಗಳನ್ನು ಬಳಸಿದರೆ, ಭೇಟಿಯಾದಾಗ ಏನಾಗುತ್ತದೆ, ಭೇಟಿಗೆ ಕಾರಣವೇ ಇಲ್ಲದಾಗ ಏನಾಗುತ್ತದೆ ಎಂಬ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು.

ಎರಡು, ಕೋಶ ತಾನೇ ಬಣ್ಣ ತಯಾರಿಸುವಂತೆ ಮಾಡುವುದು. ಒಸಾಮು ಶಿಮೊಮುರ 1962ರಲ್ಲಿ ಒಂದು ಜೆಲ್ಲಿಮೀನಿನಿಂದ ಬೇರ್ಪಡಿಸಿದ ಹಸಿರು ಹೊಳೆಯುವ ಪ್ರೋಟೀನು, ಅಂದರೆ ಜಿಎಫ್‌ಪಿ, ಇಂದು ಜೀವವಿಜ್ಞಾನದ ಪ್ರತಿ ಪ್ರಯೋಗಶಾಲೆಗೂ ಪರಿಚಿತ. ಆ ಕೆಲಸಕ್ಕಾಗಿ ಅವರಿಗೂ ಮಾರ್ಟಿನ್ ಚಾಲ್ಫಿ, ರೋಜರ್ ಚಿಯೆನ್ ಅವರಿಗೂ 2008ರ ರಸಾಯನಶಾಸ್ತ್ರ ನೊಬೆಲ್ ಬಂತು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದಲ್ಲಿ ಮಾತ್ರ ಜೋರಾಗಿ ಕೆಲಸ ಮಾಡುವ ಜೀನಿನ ಹಿಂದೆ ಜಿಎಫ್‌ಪಿಯ ಜೀನನ್ನು ಕೂಡಿಸಿದರೆ ಆ ಇಲಿಯ ನ್ಯೂಟ್ರೋಫಿಲ್‌ಗಳೆಲ್ಲ ಹುಟ್ಟಿನಿಂದಲೇ ಹಸಿರು. ಡೆಂಡ್ರೈಟಿಕ್ ಕೋಶಗಳು ಹಳದಿಯಾಗಿರುವ, ಮಿದುಳಿನ ಕಾವಲು ಕೋಶಗಳಾದ ಮೈಕ್ರೊಗ್ಲಿಯಾ ಹಸಿರಾಗಿರುವ ತಳಿಗಳೂ ಇವೆ. ಕ್ಯಾಲ್ಸಿಯಂ ಏರಿದಾಗ ಮಾತ್ರ ಬೆಳಗುವ ಪ್ರೋಟೀನುಗಳೂ ಬಂದಿವೆ. ಟಿ ಕೋಶ ತನ್ನ ಗುರುತಿನ ಚೂರನ್ನು ಮುಟ್ಟಿದಾಗ ಅದರೊಳಗೆ ಕ್ಯಾಲ್ಸಿಯಂ ಏರುವುದರಿಂದ, ಅದು ಬರೀ ಹತ್ತಿರ ಬಂದಿತೋ ನಿಜಕ್ಕೂ ಗುರುತಿಸಿತೋ ಎಂದು ಇವುಗಳಿಂದ ತಿಳಿಯುತ್ತದೆ.

ಮೂರನೆಯದಕ್ಕೆ ಬಣ್ಣವೇ ಬೇಡ. ಚರ್ಮ ಮತ್ತು ಗ್ರಂಥಿಯ ಹೊದಿಕೆಯಲ್ಲಿರುವ ಕೊಲ್ಯಾಜೆನ್ ಎಳೆಗಳು ಎರಡು ಫೋಟಾನ್‌ಗಳನ್ನು ಒಂದುಗೂಡಿಸಿ ಸರಿಯಾಗಿ ಅರ್ಧ ತರಂಗಾಂತರದ ಬೆಳಕಾಗಿ ಬಿಡುತ್ತವೆ. 920 ನ್ಯಾನೊಮೀಟರಿನ ಲೇಸರ್ ಹಾಯಿಸಿದರೆ ಅವು 460 ನ್ಯಾನೊಮೀಟರಿನ ನೀಲಿಯಲ್ಲಿ ಹೊಳೆಯುತ್ತವೆ. ಹಸಿರು ಕೋಶಗಳ ಹಿನ್ನೆಲೆಯಲ್ಲಿ ಈ ನೀಲಿ ಎಳೆಗಳು ನಾವೆಲ್ಲಿದ್ದೇವೆ ಎಂಬ ಗುರುತು ಕೊಡುತ್ತವೆ.

ಇಲಿಯನ್ನು ಅಣಿಗೊಳಿಸುವುದು

ಲೇಸರನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಮುಂದಿನ ಹಂತವನ್ನು ಕೈಯಿಂದಲೇ ಕಲಿಯಬೇಕು, ಇಡೀ ಪ್ರಯೋಗದ ಸತ್ಯ ನಿಂತಿರುವುದೂ ಇಲ್ಲಿಯೇ.

ಇಲಿಗೆ ಐಸೊಫ್ಲೂರೇನ್‌ನಂಥ ಅರಿವಳಿಕೆ ಕೊಡುತ್ತಾರೆ. ತೊಡೆಸಂದಿಯ ಗ್ರಂಥಿಯನ್ನು ನೋಡುವುದಾದರೆ ಆ ಭಾಗದ ಕೂದಲನ್ನು ತೆಗೆದು, ಚರ್ಮವನ್ನು ಪದರದಂತೆ ಬಿಡಿಸಿ, ಒಳಮೈ ಮೇಲೆ ಬರುವಂತೆ ಹರಡುತ್ತಾರೆ. ಗ್ರಂಥಿಗೆ ಬರುವ ರಕ್ತನಾಳಕ್ಕಾಗಲಿ ದುಗ್ಧನಾಳಕ್ಕಾಗಲಿ ಪೆಟ್ಟಾಗಬಾರದು. ಪೆಟ್ಟಾದರೆ ಕೋಶಗಳ ಬರವು ನಿಲ್ಲುತ್ತದೆ, ಆಮ್ಲಜನಕ ಇಳಿಯುತ್ತದೆ, ನಾವು ನೋಡುವುದು ಉಸಿರುಗಟ್ಟಿದ ಗ್ರಂಥಿಯನ್ನು. ಹಾಗಾಗಿ ನಾಳಕ್ಕೆ ಹೊಳೆಯುವ ಬಣ್ಣವನ್ನು ಬಿಟ್ಟು, ರಕ್ತ ಹರಿಯುತ್ತಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಚಿತ್ರೀಕರಣ ಶುರುಮಾಡುತ್ತಾರೆ.

ತಾಪ ಇನ್ನೊಂದು ದೊಡ್ಡ ವಿಷಯ. ಟಿ ಕೋಶಗಳ ವೇಗ ತಾಪಕ್ಕೆ ತಕ್ಕಂತೆ ಬದಲಾಗುತ್ತದೆ. 37 ಡಿಗ್ರಿಗಿಂತ ಕೆಲವು ಡಿಗ್ರಿ ಇಳಿದರೂ ಅವು ನಿಧಾನವಾಗುತ್ತವೆ. ಅರಿವಳಿಕೆಯಲ್ಲಿರುವ ಇಲಿಯ ಮೈ ಬೇಗ ತಣ್ಣಗಾಗುತ್ತದೆ. ಗ್ರಂಥಿಗೂ ಮಸೂರಕ್ಕೂ ನಡುವೆ ಒಂದು ಹನಿ ನೀರು ಇರುವುದರಿಂದ ತಣ್ಣನೆಯ ಲೋಹದ ಮಸೂರ ಶಾಖವನ್ನು ಹೀರುತ್ತಲೇ ಇರುತ್ತದೆ. ಅದಕ್ಕೇ ಇಲಿಯ ಕೆಳಗೆ ಬೆಚ್ಚನೆಯ ಹಾಸು, ಮಸೂರದ ಸುತ್ತ ಬಿಸಿಪಟ್ಟಿ, ಗ್ರಂಥಿಯ ಪಕ್ಕದಲ್ಲೇ ಪುಟ್ಟ ತಾಪಮಾಪಕ.

ಆಮೇಲೆ ಅಲುಗಾಟ. ಇಲಿಯ ಎದೆ ನಿಮಿಷಕ್ಕೆ ನೂರಾರು ಸಲ ಬಡಿಯುತ್ತದೆ, ಉಸಿರಿಗೊಮ್ಮೆ ಮೈ ಏರಿಳಿಯುತ್ತದೆ. ಐದು ಮೈಕ್ರಾನ್ ಅಲುಗಿದರೂ ಕೋಶ ಚೌಕಟ್ಟಿನಿಂದ ಜಿಗಿದಂತೆ ಕಾಣುತ್ತದೆ. ಆದ್ದರಿಂದ ಗ್ರಂಥಿಯ ಸುತ್ತಲಿನ ಅಂಗಾಂಶವನ್ನು ಹಗುರವಾಗಿ ಅಂಟಿಸಿ ಹಿಡಿಯುತ್ತಾರೆ. ಶ್ವಾಸಕೋಶವನ್ನು ನೋಡಲು 2011ರಲ್ಲಿ ಅಮೆರಿಕದ ಮಾರ್ಕ್ ಲೂನಿ ಮತ್ತು ಸಂಗಡಿಗರು ಮಂದವಾದ ನಿರ್ವಾತದಿಂದ ಅದರ ಮೇಲ್ಮೈಯನ್ನು ಗಾಜಿಗೆ ಮೆಲ್ಲನೆ ಎಳೆದು ನಿಲ್ಲಿಸುವ ಕಿಟಕಿಯೊಂದನ್ನು ತಂದರು. ಮಿದುಳಿಗೆ, ಚರ್ಮಕ್ಕೆ, ಹೊಟ್ಟೆಗೆ ಗಾಜಿನ ಕಿಟಕಿಗಳನ್ನು ಶಾಶ್ವತವಾಗಿ ಕೂರಿಸುವ ಕ್ರಮವೂ ಇದೆ. ಆಗ ಅದೇ ಇಲಿಯನ್ನು ದಿನಗಟ್ಟಲೆ, ವಾರಗಟ್ಟಲೆ ಮತ್ತೆ ಮತ್ತೆ ನೋಡಬಹುದು.

ಚರ್ಮದ ಬಣ್ಣಕ್ಕೂ ಗಮನ ಬೇಕು. ಕಪ್ಪು ಇಲಿಯ ಚರ್ಮದಲ್ಲಿರುವ ಮೆಲನಿನ್ ಲೇಸರನ್ನು ಹೀರಿ ಸುಡುತ್ತದೆ. ಸುಟ್ಟ ಜಾಗಕ್ಕೆ ನ್ಯೂಟ್ರೋಫಿಲ್‌ಗಳು ನುಗ್ಗುತ್ತವೆ. ನೋಡುವವರು ಅದನ್ನೇ ರೋಗದ ಲಕ್ಷಣವೆಂದು ತಿಳಿಯಬಾರದೆಂದು ಚರ್ಮದ ಪ್ರಯೋಗಗಳಿಗೆ ಅದೇ ತಳಿಯ ಬಿಳಿ ಇಲಿಗಳನ್ನು ಬಳಸುವುದುಂಟು.

ಪ್ರಾಣಿಗೆ ನೋವಾಗದಂತೆ ನೋಡಿಕೊಳ್ಳುವುದು ಮೊದಲ ಕರ್ತವ್ಯ. ಭಾರತದಲ್ಲಿ ಇಂಥ ಯಾವ ಪ್ರಯೋಗವೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ನಡೆಯುವಂತಿಲ್ಲ. ಇಲ್ಲಿ ಕರುಣೆಯೂ ವಿಜ್ಞಾನವೂ ಒಂದೇ ದಿಕ್ಕಿಗೆ ಎಳೆಯುತ್ತವೆ. ನೊಂದ ಪ್ರಾಣಿಯ ಕೋಶಗಳು ಸಹಜವಾಗಿ ನಡೆದುಕೊಳ್ಳುವುದಿಲ್ಲ.

ಚಿತ್ರದಿಂದ ಲೆಕ್ಕಕ್ಕೆ

ದುಗ್ಧಗ್ರಂಥಿಯ ಸಾಮಾನ್ಯ ಚಿತ್ರೀಕರಣ ಹೀಗಿರುತ್ತದೆ. ಮೂರರಿಂದ ಐದು ಮೈಕ್ರಾನ್ ಅಂತರದಲ್ಲಿ ಹತ್ತು ಹದಿನೈದು ಪದರಗಳನ್ನು ತೆಗೆದು ಸುಮಾರು 50 ಮೈಕ್ರಾನ್ ದಪ್ಪದ ಒಂದು ಘನಚಿತ್ರ ಮಾಡುತ್ತಾರೆ. 20ರಿಂದ 30 ಸೆಕೆಂಡಿಗೊಮ್ಮೆ ಅದನ್ನೇ ಮತ್ತೆ ತೆಗೆಯುತ್ತಾ ಅರ್ಧ ಗಂಟೆಯಿಂದ ಒಂದು ಗಂಟೆ ಹೋಗುತ್ತಾರೆ. ಈ ಅಂತರ ಸುಮ್ಮನೆ ಆರಿಸಿದ್ದಲ್ಲ. ನಿಮಿಷಕ್ಕೆ 12 ಮೈಕ್ರಾನ್ ನಡೆಯುವ ಟಿ ಕೋಶ 30 ಸೆಕೆಂಡಿನಲ್ಲಿ ತನ್ನ ಮೈಯಷ್ಟೇ ದೂರ ಸರಿದಿರುತ್ತದೆ. ಅದಕ್ಕಿಂತ ತಡಮಾಡಿದರೆ ಮುಂದಿನ ಚಿತ್ರದಲ್ಲಿರುವುದು ಅದೇ ಕೋಶವೋ ಪಕ್ಕದ್ದೋ ಎಂದು ಹೇಳಲಾಗದು. ಬೇಗಬೇಗ ತೆಗೆದರೆ ಲೇಸರಿನ ಏಟು ಹೆಚ್ಚಿ ಕೋಶಗಳು ಸೊರಗುತ್ತವೆ. ರಕ್ತನಾಳದಲ್ಲಿ ಉರುಳುವ ನ್ಯೂಟ್ರೋಫಿಲ್‌ಗಳಿಗೆ ಈ ವೇಗ ಸಾಲದು. ಅದಕ್ಕೆ ಸೆಕೆಂಡಿಗೆ 30 ಚಿತ್ರ ತೆಗೆಯಬಲ್ಲ ಉಪಕರಣ ಬೇಕು.

ಆಮೇಲೆ ಕಂಪ್ಯೂಟರಿನ ಕೆಲಸ. ಅಂಗಾಂಶ ನಿಧಾನವಾಗಿ ಜರುಗಿದ್ದನ್ನು ಮೊದಲು ಸರಿಪಡಿಸಬೇಕು. ಅಲುಗದ ಕೊಲ್ಯಾಜೆನ್ ಎಳೆಗಳು ಇಲ್ಲಿ ಆಧಾರ. ನಂತರ ಪ್ರತಿ ಕೋಶಕ್ಕೂ ಒಂದು ಜಾಡು ಬರೆದು ಮೂರು ಪ್ರಶ್ನೆ ಕೇಳುತ್ತಾರೆ. ಅದರ ವೇಗವೆಷ್ಟು? ಎಷ್ಟು ಪಾಲು ಹೊತ್ತು ನಿಂತಿತ್ತು? ನಿಮಿಷಕ್ಕೆ ಎರಡು ಮೈಕ್ರಾನಿಗಿಂತ ನಿಧಾನವಾದರೆ ನಿಂತಂತೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮೂರನೆಯದು, ನಡೆದ ಒಟ್ಟು ದಾರಿಗೂ ಹೊರಟಲ್ಲಿಂದ ತಲುಪಿದ ನೇರ ದೂರಕ್ಕೂ ಎಷ್ಟು ವ್ಯತ್ಯಾಸ? ಗುರಿಯಿಟ್ಟು ಹೋಗುವ ಕೋಶ ಎರಡು ಪಟ್ಟು ಹೊತ್ತಿನಲ್ಲಿ ಎರಡು ಪಟ್ಟು ದೂರ ಹೋಗುತ್ತದೆ. ದಿಕ್ಕುದೆಸೆಯಿಲ್ಲದೆ ಅಲೆಯುವ ಕೋಶಕ್ಕೆ ಎರಡು ಪಟ್ಟು ದೂರ ತಲುಪಲು ನಾಲ್ಕು ಪಟ್ಟು ಹೊತ್ತು ಬೇಕು. ಈ ಒಂದು ಲೆಕ್ಕ, ಕೋಶ ಯಾವುದೋ ಕರೆಗೆ ಓಗೊಟ್ಟು ಹೊರಟಿದೆಯೋ ಸುಮ್ಮನೆ ಅರಸುತ್ತಿದೆಯೋ ಎಂದು ಹೇಳಿಬಿಡುತ್ತದೆ.

ನೋಡಿದ್ದರಿಂದ ಬದಲಾದ ತಿಳಿವಳಿಕೆ

2002ರಲ್ಲಿ ಈ ಕ್ಷೇತ್ರದ ಬಾಗಿಲು ತೆರೆಯಿತು. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮೈಕೆಲ್ ಕ್ಯಾಹಲನ್ ಮತ್ತು ಇಯಾನ್ ಪಾರ್ಕರ್ ಅವರ ತಂಡ, ಬೆತೆಸ್ಡಾದಲ್ಲಿ ರೊನಾಲ್ಡ್ ಜರ್ಮೇನ್ ಅವರ ತಂಡ, ಬರ್ಕ್ಲಿಯಲ್ಲಿ ಎಲೆನ್ ರೋಬಿ ಅವರ ತಂಡ ಒಂದೇ ವರ್ಷ ತಮ್ಮ ಚಿತ್ರಗಳನ್ನು ಪ್ರಕಟಿಸಿದವು. ಮೊದಲು ನೋಡಿದ್ದು ಹೊರತೆಗೆದು, ಬೆಚ್ಚಗೆ, ಆಮ್ಲಜನಕ ಕೊಟ್ಟು ಜೀವಂತ ಇರಿಸಿದ ಅಂಗಗಳಲ್ಲಿ. ಮರುವರ್ಷ ಅರ್ವೈನ್ ತಂಡ ಜೀವಂತ ಇಲಿಯ ಗ್ರಂಥಿಯಲ್ಲೇ ಅದನ್ನು ಕಂಡಿತು. ಟಿ ಕೋಶಗಳು ನಿಮಿಷಕ್ಕೆ ಸರಾಸರಿ 11 ಮೈಕ್ರಾನಿನಷ್ಟು ಚುರುಕಾಗಿ, ಕೆಲವೊಮ್ಮೆ 25 ಮೈಕ್ರಾನ್ ಮುಟ್ಟುತ್ತಾ ಓಡಾಡುತ್ತಿದ್ದವು. ಪ್ರತಿಕಾಯ ತಯಾರಿಸುವ ಬಿ ಕೋಶಗಳ ವೇಗ ಅದರ ಅರ್ಧದಷ್ಟು. ಸಾಗುವ ದಿಕ್ಕಿಗೆ ನಿಯಮವಿದ್ದಂತೆ ಕಾಣಲಿಲ್ಲ. ರಾಸಾಯನಿಕ ಕರೆಯ ಬೆನ್ನು ಹಿಡಿದು ನೇರ ಹೋಗುತ್ತವೆ ಎಂದುಕೊಂಡಿದ್ದವರಿಗೆ ಅಲೆದಾಟ ಎದುರಾಯಿತು.

ಇಷ್ಟು ಅಪರೂಪದ ಕೋಶ ಅಲೆದಾಡಿಕೊಂಡೇ ತನ್ನ ಚೂರನ್ನು ಹೇಗೆ ಕಂಡುಕೊಳ್ಳುತ್ತದೆ? ಉತ್ತರ ಅಂಕಿಗಳಲ್ಲೇ ಇತ್ತು. ಒಂದು ಡೆಂಡ್ರೈಟಿಕ್ ಕೋಶ ಗಂಟೆಗೆ ಕನಿಷ್ಠ 500 ಬೇರೆ ಬೇರೆ ಟಿ ಕೋಶಗಳನ್ನು ಮುಟ್ಟಬಲ್ಲದು ಎಂದು ಫಿಲಿಪ್ ಬುಸ್ಸೊ ಮತ್ತು ರೋಬಿ 2003ರಲ್ಲಿ ಲೆಕ್ಕ ಹಾಕಿದರು. ಅದರ ಉದ್ದನೆಯ ಚಾಚುಗಳು ಸದಾ ಆಡುತ್ತಿರುತ್ತವೆ, ಟಿ ಕೋಶಗಳು ಸದಾ ಓಡುತ್ತಿರುತ್ತವೆ. ಹೀಗೆ ಲಕ್ಷಾಂತರ ಮುಟ್ಟುವಿಕೆಗಳಲ್ಲಿ ಸರಿಯಾದ ಜೋಡಿ ಕೂಡುತ್ತದೆ. ಆ ಅಲೆದಾಟಕ್ಕೂ ದಾರಿ ಇದೆಯೆಂದು 2006ರಲ್ಲಿ ಜರ್ಮೇನ್ ತಂಡದ ಮಾರ್ಕ್ ಬಜೆನೋಫ್ ತೋರಿಸಿದರು. ಗ್ರಂಥಿಯೊಳಗೆ ಜಾಲದಂತೆ ಹೆಣೆದಿರುವ ಆಧಾರ ಕೋಶಗಳ ಎಳೆಗಳ ಮೇಲೆಯೇ ಟಿ ಕೋಶಗಳು ನಡೆಯುತ್ತವೆ, ಕವಲು ಬಂದಲ್ಲಿ ತಿರುಗುತ್ತವೆ. ಡೆಂಡ್ರೈಟಿಕ್ ಕೋಶಗಳು ನೆಲೆಸುವುದೂ ಅದೇ ಜಾಲದ ಮೇಲೆ.

ಜೋಡಿ ಕೂಡಿದ ಮೇಲೆ ಏನಾಗುತ್ತದೆ ಎಂಬುದನ್ನು 2004ರಲ್ಲಿ ಬಾಸ್ಟನ್‌ನ ಥಾರ್ಸ್ಟನ್ ಮೆಂಪೆಲ್, ಸಾರಾ ಹೆನ್ರಿಕ್ಸನ್, ಉಲ್ರಿಚ್ ಫಾನ್ ಆಂಡ್ರಿಯನ್ ಇಲಿಯ ಮೊಣಕಾಲ ಹಿಂದಿನ ಗ್ರಂಥಿಯಲ್ಲಿ ಕಂಡರು. ಮೊದಲ ಎಂಟು ಗಂಟೆ ಟಿ ಕೋಶಗಳು ಡೆಂಡ್ರೈಟಿಕ್ ಕೋಶಗಳನ್ನು ಕೆಲವೇ ನಿಮಿಷ ಮುಟ್ಟಿ ಮುಂದೆ ಹೋಗುತ್ತವೆ. ನಂತರದ ಸುಮಾರು ಹನ್ನೆರಡು ಗಂಟೆ ಒಂದಕ್ಕೇ ಅಂಟಿಕೊಂಡು ನಿಲ್ಲುತ್ತವೆ. ಎರಡನೇ ದಿನ ಬಿಡಿಸಿಕೊಂಡು ಮತ್ತೆ ಚುರುಕಾಗಿ ಓಡಾಡುತ್ತಾ ಒಡೆದು ಹೆಚ್ಚುತ್ತವೆ. ಗಟ್ಟಿಮಾಡಿದ ಚೂರಿನಲ್ಲಿ ಈ ಮೂರು ಘಟ್ಟಗಳಲ್ಲಿ ಯಾವುದೋ ಒಂದು ಕಾಣಬಹುದಿತ್ತು, ಮೂರನ್ನೂ ಒಂದೇ ಕಥೆಯಾಗಿ ಜೋಡಿಸಲು ಆಗುತ್ತಿರಲಿಲ್ಲ.

ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳ ಬಗ್ಗೆಯೂ ಅಂದಾಜು ತಿದ್ದಿಕೊಳ್ಳಬೇಕಾಯಿತು. ಗಾಜಿನ ತಟ್ಟೆಯಲ್ಲಿ ಅವು ಬಲು ಬೇಗ ಕೊಲ್ಲುವಂತೆ ಕಾಣುತ್ತಿದ್ದವು. 2016ರಲ್ಲಿ ಜರ್ಮನಿಯ ಹಾನೋವರ್‌ನ ತಂಡ ಜೀವಂತ ಇಲಿಯಲ್ಲಿ ನೋಡಿದಾಗ ಒಂದು ಕೋಶ ದಿನಕ್ಕೆ ವೈರಸ್ ತಗಲಿದ 2ರಿಂದ 16 ಕೋಶಗಳನ್ನಷ್ಟೇ ಕೊಲ್ಲುತ್ತಿತ್ತು. ಹಲವು ಟಿ ಕೋಶಗಳು ಒಂದೇ ಗುರಿಯನ್ನು ಸರದಿಯಂತೆ ಮುಟ್ಟಿದಾಗ ಅದು ಸಾಯುವ ಸಾಧ್ಯತೆ ಹೆಚ್ಚುತ್ತಿತ್ತು. ಹಾಗಾಗಿ ಲಸಿಕೆಯಿಂದ ಅಥವಾ ಸೋಂಕಿನಿಂದ ಇಂಥ ಕೋಶಗಳು ಎಷ್ಟು ಸಂಖ್ಯೆಯಲ್ಲಿ ತಯಾರಾಗುತ್ತವೆ ಎಂಬುದಕ್ಕೆ ತೂಕ ಬಂತು.

ಮಿದುಳಿನ ಮೈಕ್ರೊಗ್ಲಿಯಾವನ್ನು ಆರೋಗ್ಯವಂತ ಮಿದುಳಿನಲ್ಲಿ ನಿದ್ದೆಯಲ್ಲಿರುವ ಕೋಶಗಳೆಂದು ಪುಸ್ತಕಗಳು ಬರೆಯುತ್ತಿದ್ದವು. 2005ರಲ್ಲಿ ಎರಡು ತಂಡಗಳು ಇಲಿಯ ತಲೆಬುರುಡೆಯನ್ನು ತೆಳುಮಾಡಿ ಅದರ ಮೂಲಕ ನೋಡಿದಾಗ ಅವುಗಳ ಕವಲುಗಳು ಎಡೆಬಿಡದೆ ಸುತ್ತಲ ಜಾಗವನ್ನು ತಡವಿ ನೋಡುತ್ತಿದ್ದವು. ಲೇಸರಿನಿಂದ ಸಣ್ಣ ಗಾಯ ಮಾಡಿದರೆ ನಿಮಿಷಗಳಲ್ಲೇ ಕವಲುಗಳು ಅತ್ತ ಚಾಚಿ ಗಾಯವನ್ನು ಸುತ್ತುವರಿಯುತ್ತಿದ್ದವು.

ಇದಕ್ಕೆ ಹೋಲುವ ಇನ್ನೊಂದು ಕಾಣ್ಕೆ ಹೊಟ್ಟೆಯ ಒಳಪೊರೆಯದು. ಚರ್ಮದಲ್ಲಿ ಲೇಸರಿನಿಂದ ಕೆಲವು ಕೋಶಗಳನ್ನು ಸುಟ್ಟರೆ ಮೊದಲು ಬಂದ ನ್ಯೂಟ್ರೋಫಿಲ್‌ಗಳು ಎಲ್‌ಟಿಬಿ4 ಎಂಬ ರಾಸಾಯನಿಕವನ್ನು ಬಿಟ್ಟು ಉಳಿದವನ್ನು ಕರೆಯುತ್ತವೆ, ಹಿಂಡುಹಿಂಡಾಗಿ ಮುತ್ತುತ್ತವೆ ಎಂದು 2013ರಲ್ಲಿ ಟಿಮ್ ಲ್ಯಾಮರ್‌ಮನ್ ಮತ್ತು ಸಂಗಡಿಗರು ತೋರಿಸಿದ್ದರು. ಹಾಗಾದರೆ ದೇಹದೊಳಗೆ ದಿನವೂ ಸಾಯುವ ಬಿಡಿ ಕೋಶಗಳ ಮೇಲೆಲ್ಲ ಇಂಥ ಮುತ್ತಿಗೆ ಏಕೆ ಆಗುವುದಿಲ್ಲ? 2019ರಲ್ಲಿ ಜರ್ಮೇನ್ ಅವರ ಪ್ರಯೋಗಶಾಲೆಯಿಂದ ಸ್ಟೆಫಾನ್ ಉಡರ್‌ಹಾರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಒಳಪೊರೆಯಲ್ಲಿ ನೋಡಿ ಉತ್ತರ ಕೊಟ್ಟರು. ಅಂಗಾಂಶದಲ್ಲೇ ನೆಲೆಸಿರುವ ಮ್ಯಾಕ್ರೋಫೇಜ್‌ಗಳೆಂಬ ನುಂಗುವ ಕೋಶಗಳು ಸತ್ತ ಕೋಶದತ್ತ ತೋಳು ಚಾಚಿ ನಿಮಿಷಗಳಲ್ಲೇ ಅದನ್ನು ಮುಚ್ಚಿಬಿಡುತ್ತವೆ. ಮುಚ್ಚಿದರೆ ನ್ಯೂಟ್ರೋಫಿಲ್‌ಗಳಿಗೆ ಸುಳಿವೇ ಸಿಗುವುದಿಲ್ಲ. ಮ್ಯಾಕ್ರೋಫೇಜ್‌ಗಳನ್ನು ತೆಗೆದ ಜಾಗದಲ್ಲಿ ಅದೇ ಪುಟ್ಟ ಗಾಯಕ್ಕೆ ಹಿಂಡು ನುಗ್ಗಿ ಸುತ್ತಲಿನ ಒಳ್ಳೆಯ ಅಂಗಾಂಶವನ್ನೂ ಹಾಳುಮಾಡಿತು. ಉರಿಯೂತ ಹೊತ್ತಿಸುವುದರಷ್ಟೇ ಅದನ್ನು ಹೊತ್ತದಂತೆ ಅದುಮಿಡುವುದೂ ರೋಗನಿರೋಧಕ ವ್ಯವಸ್ಥೆಯ ನಿತ್ಯದ ಕೆಲಸ ಎಂಬುದು ಇದರಿಂದ ಸ್ಪಷ್ಟವಾಯಿತು.

ನೋಡುವವರು ಕೆಡಿಸುವ ಸಾಧ್ಯತೆ

ಈ ಕೊನೆಯ ಪ್ರಯೋಗ ವಿಧಾನದ ಬಗ್ಗೆಯೂ ಪಾಠ ಹೇಳುತ್ತದೆ. ಒಂದೇ ಒಂದು ಕೋಶದ ಸಾವಿಗೂ ಸುತ್ತಲಿನ ಕೋಶಗಳು ನಿಮಿಷಗಳಲ್ಲಿ ಸ್ಪಂದಿಸುತ್ತವೆ ಎಂದ ಮೇಲೆ, ಕತ್ತರಿ ತಗಲಿದ, ಒಣಗಿದ, ಲೇಸರ್ ಸುಟ್ಟ ಅಂಗಾಂಶದಲ್ಲಿ ಕಂಡದ್ದನ್ನು ಸಹಜವೆಂದು ನಂಬುವುದು ಹೇಗೆ? ಆದ್ದರಿಂದಲೇ ಒಳ್ಳೆಯ ಪ್ರಯೋಗಶಾಲೆಗಳು ರೋಗವಿಲ್ಲದ ಇಲಿಯನ್ನು ಅದೇ ರೀತಿ ಅಣಿಗೊಳಿಸಿ, ಅಷ್ಟೇ ಹೊತ್ತು ನೋಡಿ ಹೋಲಿಸುತ್ತವೆ. ಚಿತ್ರೀಕರಣದ ಕೊನೆಯಲ್ಲಿ ಕೋಶಗಳ ವೇಗ ಆರಂಭದಲ್ಲಿ ಇದ್ದಷ್ಟೇ ಇದೆಯೇ ಎಂದು ಪರೀಕ್ಷಿಸುತ್ತವೆ.

ಮಿತಿಗಳೂ ಇವೆ. ಬಣ್ಣ ಹಾಕಿದ್ದು ಮಾತ್ರ ಕಾಣುತ್ತದೆ. ಕತ್ತಲೆಯಾಗಿರುವ ಜಾಗ ಖಾಲಿಯಲ್ಲ, ಅಲ್ಲಿ ಹೊಳೆಯದ ಕೋಶಗಳು ತುಂಬಿವೆ. ಎದ್ದು ಕಾಣಲೆಂದು ಹೊರಗಿನಿಂದ ಲಕ್ಷಾಂತರ ಟಿ ಕೋಶಗಳನ್ನು ಸೇರಿಸಿದರೆ ಅಪರೂಪದ ಕೋಶಗಳು ಗುಂಪಾಗುತ್ತವೆ, ಒಂದೇ ಡೆಂಡ್ರೈಟಿಕ್ ಕೋಶಕ್ಕೆ ಪೈಪೋಟಿ ಶುರುವಾಗುತ್ತದೆ. ನೋಟದ ಚೌಕ ಅರ್ಧ ಮಿಲಿಮೀಟರ್ ಅಗಲದ್ದು, ಆಳವೂ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಒಳಗೇ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೂ ಹೊಂದಬೇಕೆಂದಿಲ್ಲ. ಮನುಷ್ಯರಲ್ಲಿ ಇದೇ ತತ್ವದಿಂದ ಚರ್ಮದ ಮೇಲ್ಪದರಗಳನ್ನು ನೋಡಬಹುದು. ದುಗ್ಧಗ್ರಂಥಿಯೊಳಗಿನ ಈ ಓಡಾಟವನ್ನು ನೋಡಲು ಸದ್ಯಕ್ಕೆ ಪ್ರಾಣಿಗಳು, ಇಲ್ಲವೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶವೇ ಗತಿ.

ಇಂಥ ವಿಡಿಯೊ ನೋಡುವಾಗ

ವಿದ್ಯಾರ್ಥಿಗಳು, ಶಿಕ್ಷಕರು, ಆಸಕ್ತ ಓದುಗರು ಈ ಚಿತ್ರಗಳನ್ನು ಈಗ ಮೊಬೈಲಿನಲ್ಲೇ ನೋಡಬಹುದು. ನೋಡುವಾಗ ಐದು ಸಂಗತಿ ಕೇಳಿಕೊಳ್ಳಿ.

ಒಂದು, ಮೂಲೆಯಲ್ಲಿರುವ ಅಳತೆಗೆರೆ ಎಷ್ಟು ಮೈಕ್ರಾನ್? ಅದಿಲ್ಲದೆ ಗಾತ್ರವೂ ವೇಗವೂ ತಿಳಿಯವು.

ಎರಡು, ಎಷ್ಟು ಪಟ್ಟು ವೇಗ ಹೆಚ್ಚಿಸಿದ್ದಾರೆ? 30 ಸೆಕೆಂಡಿಗೊಂದರಂತೆ ತೆಗೆದ ಚಿತ್ರಗಳನ್ನು ಸೆಕೆಂಡಿಗೆ 15ರಂತೆ ಓಡಿಸಿದರೆ ಒಂದು ಗಂಟೆಯ ನಡೆ ಎಂಟು ಸೆಕೆಂಡಿಗೆ ಇಳಿಯುತ್ತದೆ. ರಭಸವಾಗಿ ನುಗ್ಗಿದಂತೆ ಕಾಣುವ ಕೋಶ ನಿಜದಲ್ಲಿ ಗಂಟೆಗೆ ಒಂದು ಮಿಲಿಮೀಟರೂ ಹೋಗಿರುವುದಿಲ್ಲ.

ಮೂರು, ಯಾವ ಬಣ್ಣ ಯಾವ ಕೋಶ? ಯಾವುದಕ್ಕೆ ಬಣ್ಣವೇ ಹಾಕಿಲ್ಲ?

ನಾಲ್ಕು, ಇದು ಜೀವಂತ ಪ್ರಾಣಿಯೊಳಗೆ ತೆಗೆದದ್ದೋ, ಹೊರತೆಗೆದ ಅಂಗದಲ್ಲೋ, ಗಾಜಿನ ತಟ್ಟೆಯಲ್ಲೋ?

ಐದು, ಎಷ್ಟು ಪ್ರಾಣಿಗಳಲ್ಲಿ ಇದೇ ಕಂಡಿದೆ? ಕಣ್ಸೆಳೆಯುವ ಒಂದು ದೃಶ್ಯ ಒಂದೇ ಒಂದು ಸಲ ಆದದ್ದೂ ಇರಬಹುದು. ನೂರಾರು ಜಾಡುಗಳ ಲೆಕ್ಕ ಅದರ ಬೆನ್ನಿಗೆ ಇರಬೇಕು.

ಈ ಐದಕ್ಕೂ ಉತ್ತರ ಕೊಡುವ ವಿಡಿಯೊವನ್ನು ಧೈರ್ಯವಾಗಿ ನಂಬಿ, ತರಗತಿಯಲ್ಲಿ ತೋರಿಸಿ, ಮಕ್ಕಳ ಕೈಯಲ್ಲಿ ಕೋಶವೊಂದರ ಜಾಡನ್ನು ಕಾಗದದ ಮೇಲೆ ಗುರುತಿಸಿ ವೇಗ ಲೆಕ್ಕ ಹಾಕಿಸಿ. ಸ್ಕೇಲು, ಪೆನ್ಸಿಲು, ಗಡಿಯಾರ ಇದ್ದರೆ ಸಾಕು. ತಮ್ಮ ಮೈಯೊಳಗೆ ಈ ಹೊತ್ತಿನಲ್ಲೂ ನಡೆಯುತ್ತಿರುವ ಕೆಲಸವೊಂದನ್ನು ಅವರು ಅಳೆದು ತಿಳಿದಂತಾಗುತ್ತದೆ.